ತೋಟದ ಹೋಂಸ್ಟೇಗೆ ವೈಫೈ: ರಿಪೀಟರ್, ಮೆಶ್, ಕೇಬಲ್ ಎಳೆದ ಆಕ್ಸೆಸ್ ಪಾಯಿಂಟ್

ಮೂಡಿಗೆರೆ ಕಡೆಯ ಹಳೆ ತೊಟ್ಟಿ ಮನೆ, ಕಾಫಿ ಕಣದಾಚೆ ಎರಡು ಕಾಟೇಜು. ಇಂಥ ಜಾಗಕ್ಕೆ ನನ್ನ ಓಟು ಕೇಬಲ್ ಎಳೆದು ಕೂರಿಸುವ, ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆಗೆ, ಅಂದರೆ ಆಕ್ಸೆಸ್ ಪಾಯಿಂಟಿಗೇ.

ಇರುವ ಸಿಗ್ನಲನ್ನೇ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಒಂದು ಕೋಣೆಗೆ ಸಾಕು, ಓಡಾಡುತ್ತ ಮಾತಾಡುವವರಿಗಲ್ಲ.

ಮೆಶ್, ಅಂದರೆ ಒಂದಕ್ಕೊಂದು ವೈಫೈಯಲ್ಲೇ ಮಾತಾಡಿಕೊಳ್ಳುವ ಪೆಟ್ಟಿಗೆಗಳ ಗುಂಪು, ಚಿಕ್ಕಮಗಳೂರು ಪೇಟೆಯ ಆರ್‌ಸಿಸಿ ಮನೆಗೆ ಪರವಾಗಿಲ್ಲ. ಜಂಬಿಟ್ಟಿಗೆಯ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸೊರಗುತ್ತದೆ. ಎರಡೇ ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಸ್) ಮೆಶ್‌ನಲ್ಲಿ ಫೋನಿಗೂ ಪಕ್ಕದ ಪೆಟ್ಟಿಗೆಗೂ ಒಂದೇ ರೇಡಿಯೊ, ಹಾಗಾಗಿ ಪ್ರತಿ ಹಾಪ್‌ಗೆ (ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟುವಾಗ) ವೇಗ ಹೆಚ್ಚುಕಮ್ಮಿ ಅರ್ಧ. ಕರೆಂಟು ಹೋದರೆ ಪೆಟ್ಟಿಗೆಗೊಂದು ಬ್ಯಾಕಪ್ ಬೇರೆ. ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟೂ ಕಳಿಸುವ ಪಿಒಇ ಸ್ವಿಚ್ ಇದ್ದರೆ ಒಂದು ಯುಪಿಎಸ್ ಮನೆಯೊಳಗಿನ ಪಾಯಿಂಟುಗಳನ್ನೆಲ್ಲ ನಡೆಸುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಇದೊಂದೇ ಕಾರಣ ಸಾಕು.

ತಲೆನೋವು ಶುರುವಾಗುವುದು ಕೇಬಲ್ ಎಳೆದ ಮೇಲೆ. ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಯಾವಾಗ ಜಿಗಿಯಬೇಕೆಂದು ತೀರ್ಮಾನಿಸುವುದು ಫೋನೇ ಹೊರತು ಪಾಯಿಂಟಲ್ಲ. ಐಫೋನ್ ಸಿಗ್ನಲ್ -70 ಡಿಬಿಎಂಗೆ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಇಳಿಯುವ ತನಕ ಬೇರೆ ಕಡೆ ಹುಡುಕುವುದೇ ಇಲ್ಲ. ಹುಡುಕಿದರೂ, ಡೇಟಾ ಓಡುತ್ತಿರುವಾಗ, ಹೊಸದು ಕನಿಷ್ಠ 8 ಡಿಬಿ ಜೋರಾಗಿರಬೇಕು. ಪವರ್ 'ಹೈ'ನಲ್ಲೇ ಬಿಟ್ಟರೆ ಜಗಲಿಯ ಪಾಯಿಂಟು ಕಾಟೇಜಿನವರೆಗೂ ಕೇಳಿಸುತ್ತದೆ, ಫೋನಿನ ಸಣ್ಣ ದನಿ ಮಾತ್ರ ಅದನ್ನು ಮುಟ್ಟುವುದಿಲ್ಲ. ಕಡ್ಡಿ ಕಾಣುತ್ತಿದ್ದರೂ ವಾಟ್ಸಾಪ್ ಕಾಲ್ ತುಂಡಾಗುವುದು ಹೀಗೆ.

ಆದ್ದರಿಂದ ಪವರ್ ಇಳಿಸಿ. 5 ಗಿಗಾಹರ್ಟ್ಸ್‌ನದು 2.4ಕ್ಕಿಂತ ಸುಮಾರು 6 ಡಿಬಿ ಮೇಲಿರಲಿ. ಫೋನಿನಲ್ಲಿ ವೈಫೈ ಅನಲೈಸರ್ ಹಾಕಿಕೊಂಡು ಕಣದುದ್ದಕ್ಕೂ ನಡೆಯಿರಿ: ಹಳೆಯ ಪಾಯಿಂಟು -70 ತೋರಿಸುವ ಜಾಗದಲ್ಲಿ ಹೊಸದು -62 ಅಥವಾ ಅದಕ್ಕಿಂತ ಜೋರಾಗಿ ಸಿಗಬೇಕು. ಸಿಗದಿದ್ದರೆ ಪಾಯಿಂಟನ್ನೇ ಸರಿಸಬೇಕು, ಸೆಟ್ಟಿಂಗ್ ತಿರುಚಿ ಪ್ರಯೋಜನವಿಲ್ಲ. ದುರ್ಬಲ ಫೋನನ್ನು ಹೊರದಬ್ಬುವ ಮಿನಿಮಮ್ ಆರ್‌ಎಸ್‌ಎಸ್‌ಐ (ಕನಿಷ್ಠ ಸಿಗ್ನಲ್ ಬಲ) ಸೆಟ್ಟಿಂಗ್ ಕೊನೆಯ ಅಸ್ತ್ರ. ಅದನ್ನೇ ಮೊದಲು ಹಾಕಿದರೆ ಮೂಲೆ ಕೋಣೆಯ ಟಿವಿ ಪದೇಪದೇ ಕಳಚಿಕೊಳ್ಳುತ್ತದೆ.

2.4ಕ್ಕೆ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11, ಅಗಲ 20 ಮೆಗಾಹರ್ಟ್ಸ್. ಎಲ್ಲ ಪಾಯಿಂಟಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಐಪಿ ವಿಳಾಸ ಹಂಚುವುದು ಒಂದೇ ರೂಟರ್. ಪಕ್ಕದ ಪಾಯಿಂಟುಗಳ ಸುಳಿವು ಫೋನಿಗೆ ಕೊಡುವ 802.11ಕೆ, ವಿ ಆನ್ ಇರಲಿ. ಜಿಗಿತ ಬೇಗ ಮುಗಿಸುವ 802.11ಆರ್ ಹಾಕಿದರೆ ಕೆಲವು ಹಳೆ ಪ್ರಿಂಟರ್‌ಗಳು ಸೇರಿಕೊಳ್ಳುವುದೇ ಇಲ್ಲ. ಸಾದಾ ಪಾಸ್‌ವರ್ಡಿನ ನೆಟ್‌ವರ್ಕಿಗೆ ಅದರಿಂದ ಅಂಥಾ ಲಾಭವೂ ಇಲ್ಲ.

ಮನೆಯಿಂದ ಕಾಟೇಜಿಗೆ ತಾಮ್ರದ ಕ್ಯಾಟ್ 6 ಕೇಬಲ್ ಬೇಡ, ಅದರ ಮಿತಿಯಾದ 100 ಮೀಟರಿನೊಳಗಿದ್ದರೂ ಬೇಡ. ಸಿಡಿಲಿನ ಸರ್ಜ್ ತಾಮ್ರ ಹಿಡಿದು ಬಂದರೆ ಸ್ವಿಚ್ಚೇ ಹೋಗುತ್ತದೆ. ಲೋಹದ ತಂತಿಯಿಲ್ಲದ ಫೈಬರ್, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿಸಿ, ಕಾಟೇಜಿನಲ್ಲೊಂದು ಪಾಯಿಂಟಿನ ಕೇಬಲಿಗೆ ಕರೆಂಟು ಸೇರಿಸುವ ಪಿಒಇ ಇಂಜೆಕ್ಟರನ್ನೂ ಪುಟ್ಟ ಯುಪಿಎಸ್ಸನ್ನೂ ಇಡಿ. ದುಡ್ಡು ಸಾಲದಿದ್ದರೆ ಎರಡನೇ ಕಾಟೇಜಿನ ಪಾಯಿಂಟು ಮುಂದಿನ ಫಸಲಿಗೆ ನೋಡಿಕೊಳ್ಳಬಹುದು, ಫೈಬರ್ ಈಗಲೇ ಬೇಕು.