ತಿಂಡಿ ಗಾಡಿಯ ಕಾಗದಗಳು: ಮೂರು ವರ್ಷ ಬಳಸಿದ ಮೇಲೆ

"ಫುಡ್ ಟ್ರಕ್ ಪರ್ಮಿಟ್‌ಗೆ ಎಷ್ಟಾಯ್ತು ಅಣ್ಣ?" ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ತಟ್ಟೆ ಇಡ್ಲಿ ತಿನ್ನುತ್ತಾ ಕೇಳುವ ಪ್ರಶ್ನೆ ಅದು. ಹಿಂದೆ ಜನ ನಿಂತಿರುತ್ತಾರೆ, ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಗಾಡಿ ನನ್ನದು ಮತ್ತು ಅಕ್ಕನದು. ಊರು ತುಮಕೂರು. 2022ರ ಕೊನೆಯಲ್ಲಿ ಶುರು ಮಾಡಿದೆವು.

ಮೊದಲೇ ಹೇಳಿಬಿಡುತ್ತೇನೆ. ಫುಡ್ ಟ್ರಕ್ ಪರ್ಮಿಟ್ ಅನ್ನುವ ಒಂದೇ ಕಾಗದ ನಮಗೆ ಎಲ್ಲೂ ಸಿಗಲಿಲ್ಲ. ಆರ್‌ಟಿಒಗೆ ನಮ್ಮದು ಗಾಡಿ. ಆಹಾರ ಸುರಕ್ಷತೆಯವರಿಗೆ ಅಡುಗೆಮನೆ. ಪಾಲಿಕೆಗೆ ವ್ಯಾಪಾರ. ಒಂದೇ ಟಾಟಾ ಏಸ್‌ಗೆ ಮೂರು ಜಾತಕ. ಒಂದನ್ನು ತೋರಿಸಿ ಇನ್ನೊಂದರ ಕೆಲಸ ಮಾಡಿಸಲು ಆಗುವುದಿಲ್ಲ.

ಇದು ಗೊತ್ತಿಲ್ಲದೆ ನಾವು ಒಬ್ಬ ಏಜೆಂಟ್ ಹತ್ತಿರ ಹೋದೆವು. "ಆಲ್ ಇನ್ ಒನ್ ಪ್ಯಾಕೇಜ್, 18,000, ನೀವು ಸಹಿ ಹಾಕಿದರೆ ಸಾಕು" ಅಂದ. ಸಹಿ ಹಾಕಿದೆವು. ಒಂದು ತಿಂಗಳಾದ ಮೇಲೆ ಚಂದದ ಫೈಲ್ ಕೊಟ್ಟ. ಒಳಗೆ ಏನಿತ್ತು ಅಂದರೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ನೋಂದಣಿ. ಅದರ ಸರ್ಕಾರಿ ಫೀಸು ಆಗ ವರ್ಷಕ್ಕೆ 100 ರೂಪಾಯಿ. ಆಮೇಲೆ ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ. ಅದು ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ. ಬಿಲ್ಲಿನಲ್ಲಿ "ವಾಹನ ಪರ್ಮಿಟ್" ಅಂತ ಇನ್ನೊಂದು ಸಾಲು, 3,000 ರೂಪಾಯಿ. ಒಟ್ಟು ತೂಕ 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ ಆ ಪರ್ಮಿಟ್ಟೇ ಬೇಡ ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಕೊನೆಯದು "ರಸ್ತೆ ವ್ಯಾಪಾರದ ಅನುಮತಿ". ತೆಗೆದು ಓದಿದರೆ ಅದು ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಚೀಟಿ! ಅಕ್ಕ ಅದನ್ನೇ ಲ್ಯಾಮಿನೇಟ್ ಮಾಡಿಸಿ ಗಾಡಿಯಲ್ಲಿ ನೇತುಹಾಕಿದ್ದಳು. ಈಗ ನೆನೆದರೆ ನಗು ಬರುತ್ತದೆ, ಆಗ ಬರಲಿಲ್ಲ. ಏಜೆಂಟ್ ಪ್ಯಾಕೇಜ್‌ಗೆ ಐದಕ್ಕೆ ಒಂದು ಸ್ಟಾರ್. ಆ ಒಂದೂ ಫೈಲ್ ಗಟ್ಟಿಯಾಗಿದೆ ಅನ್ನುವ ಕಾರಣಕ್ಕೆ.

ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ನಿಜಕ್ಕೂ ಸಲೀಸು. ನಾವು ಮಾಡಿಸಿದಾಗ ವರ್ಷದ ವ್ಯಾಪಾರ 12 ಲಕ್ಷದ ಒಳಗಿದ್ದರೆ ನೋಂದಣಿ ಸಾಕಿತ್ತು, ಅದಕ್ಕಿಂತ ಜಾಸ್ತಿ ಇದ್ದರೆ ಲೈಸೆನ್ಸ್. ಫಾಸ್ಕಾಸ್ ಅನ್ನುವ ಜಾಲತಾಣದಲ್ಲಿ ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿದರೆ ಆಯಿತು. 14 ಅಂಕಿಯ ನಂಬರ್ ಬರುತ್ತದೆ. ಅದನ್ನು ಗಿರಾಕಿಗೆ ಕಾಣುವ ಹಾಗೆ ಹಾಕಬೇಕು.

ಆದರೆ ನವೀಕರಣದಲ್ಲಿ ನಾನೇ ಎಡವಿದೆ. ಆಗಿನ ನಿಯಮದಲ್ಲಿ ಅವಧಿ ಮುಗಿಯುವ 30 ದಿನ ಮೊದಲೇ ಅರ್ಜಿ ಹಾಕಬೇಕಿತ್ತು. ತಡವಾದರೆ ದಿನಕ್ಕೆ 100 ರೂಪಾಯಿ ದಂಡ ಇತ್ತು. ನಾನು ಮುಗಿಯುವ ದಿನವನ್ನೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಂಡು ಆರಾಮಾಗಿದ್ದೆ. ಒಂಬತ್ತು ದಿನ ತಡವಾಯಿತು. 100 ರೂಪಾಯಿ ಫೀಸಿಗೆ 900 ರೂಪಾಯಿ ದಂಡ! "ಮೂಗಿಗಿಂತ ಮೂಗುತಿ ಭಾರ" ಅಂತ ಅಕ್ಕ ಇವತ್ತಿಗೂ ಹಂಗಿಸುತ್ತಾಳೆ. ಆಮೇಲೆ ಒಟ್ಟಿಗೆ ಐದು ವರ್ಷಕ್ಕೆ ಕಟ್ಟಿಬಿಟ್ಟೆ. ಇದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಆಗಿದ್ದು ನನ್ನ ಹೊಟ್ಟೆಯುರಿಗೆ.

ಗಾಡಿಯ ವಿಷಯ ನಿಧಾನವಾಗಿ ಓದಿ. ದುಡ್ಡು ಹೋಗುವುದು ಇಲ್ಲೇ. ನಮ್ಮದು 2017ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಬಾಡಿ ಕಟ್ಟುವವನು "ಮೊದಲು ಕೆಲಸ ಮುಗಿಸೋಣ, ಆರ್‌ಟಿಒ ಆಮೇಲೆ ನೋಡೋಣ" ಅಂದ. ಪಕ್ಕದ ತಗಡು ಕತ್ತರಿಸಿ ಕಿಟಕಿ ಮಾಡಿದ. ಮೇಲೆ ಚಾವಣಿ, ಒಳಗೆ ಸ್ಟೀಲ್ ಕಟ್ಟೆ, 200 ಲೀಟರ್ ನೀರಿನ ಟ್ಯಾಂಕ್. ನೋಡಲು ಚೆನ್ನಾಗಿತ್ತು. ಆದರೆ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಬರೆದಿರುವ ಗಾಡಿಯೇ ಬೇರೆ, ರಸ್ತೆಯಲ್ಲಿ ನಿಂತಿರುವ ಗಾಡಿಯೇ ಬೇರೆ ಆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಅದು ಏರಬೇಕು. ಇನ್ಶೂರೆನ್ಸ್‌ನವರೂ ಅದನ್ನೇ ಕೇಳಿದರು. ಕೊನೆಗೆ ತೂಕ ಜಾಸ್ತಿ ಅಂತ ಅರ್ಧ ಕಟ್ಟೆ ಕಿತ್ತು, ಟ್ಯಾಂಕ್ ಚಿಕ್ಕದು ಮಾಡಿ, ಮತ್ತೆ ತೋರಿಸಿದೆವು. ಎರಡು ತಿಂಗಳು ಗಾಡಿ ಸುಮ್ನೆ ನಿಂತಿತ್ತು. ಮೊದಲು ನಕ್ಷೆ, ಆಮೇಲೆ ಒಪ್ಪಿಗೆ, ಕೊನೆಗೆ ವೆಲ್ಡಿಂಗ್. ಈ ಕ್ರಮ ತಪ್ಪಿಸಬೇಡಿ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಕೂಡ ಮರೆಯಬೇಡಿ. ಗಾಡಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. ನಮ್ಮದು 2025ಕ್ಕೆ ಆ ಗೆರೆ ದಾಟಿತು. ಹಳೆ ಗಾಡಿ ಅಗ್ಗ ಅಂತ ತಗೊಳ್ಳುವವರು ಈ ಖರ್ಚನ್ನೂ ಕೂಡಿಸಿ ನೋಡಿ.

(ನನ್ನ ಗೆಳೆಯನೊಬ್ಬ ವ್ಯಾನಿನಲ್ಲಿ ನೈಟಿ, ಬೆಡ್‌ಶೀಟ್ ಮಾರುತ್ತಾನೆ. ಅವನಿಗೆ ಎಫ್‌ಎಸ್‌ಎಸ್‌ಎಐ ತಲೆನೋವಿಲ್ಲ. ಆದರೆ ವ್ಯಾನಿಗೆ ಬಾಗಿಲು ಬದಲಾಯಿಸಿದಾಗ ಆರ್‌ಸಿ ಕಥೆ ಅವನಿಗೂ ಇದೇ.)

ಇನ್ನು ನಿಲ್ಲಿಸುವ ಜಾಗ. ಅಕ್ಕ ಮೊದಲು ತುಮಕೂರಿನ ಬಟವಾಡಿ ಕಡೆ ತಳ್ಳುಗಾಡಿ ಇಟ್ಟುಕೊಂಡಿದ್ದಳು. ಹಾಗಾಗಿ ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ಅವಳ ಹೆಸರಿತ್ತು, ಬೀದಿ ವ್ಯಾಪಾರಿ ಅನ್ನುವ ಗುರುತಿನ ಕಾರ್ಡೂ ಇತ್ತು. ಆ ಕಾರ್ಡ್ ಬಂಗಾರ. ಅದರ ಮೇಲೆ 2020ರಲ್ಲಿ ಬೀದಿ ವ್ಯಾಪಾರಿಗಳ ಸಾಲ ಯೋಜನೆಯಾದ ಪಿಎಂ ಸ್ವನಿಧಿಯಲ್ಲಿ 10,000 ಸಾಲ ಸಿಕ್ಕಿತು. ಅದು ತೀರಿದ ಮೇಲೆ 20,000. ಬಡ್ಡಿಯಲ್ಲಿ ಶೇ. 7 ಸಹಾಯಧನ ಖಾತೆಗೆ ಬಂತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಜಾಗ ಖಾಲಿ ಮಾಡಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಬೇರೆ ಜೀವನೋಪಾಯ ಇರುವವರಿಗೆ ಆ ಕಾಯ್ದೆಯ ಬೀದಿ ವ್ಯಾಪಾರದ ಪ್ರಮಾಣಪತ್ರ ಇಲ್ಲ. ಬಾಡಿಗೆಗೂ ಕೊಡುವಂತಿಲ್ಲ, ಮನೆಯವರು ಸೇರಿ ನಡೆಸಬಹುದು. ನಾನು ಹಗಲು ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಅದಕ್ಕೇ ಅದು ಅಕ್ಕನ ಹೆಸರಲ್ಲೇ ಉಳಿಯಿತು.

ಆದರೆ ಕಾರ್ಡಿನಲ್ಲಿ ಬರೆದಿರುವುದು ತಳ್ಳುಗಾಡಿ. ಅದನ್ನು ಹಿಡಿದು ಟಾಟಾ ಏಸ್ ನಿಲ್ಲಿಸಿದರೆ ವಾದ ಶುರುವಾಗುತ್ತದೆ, ಅಷ್ಟರಲ್ಲಿ ಸಾಂಬಾರ್ ಆರುತ್ತದೆ. ನಾವು ವಾದ ಬಿಟ್ಟೆವು. ಒಂದು ಖಾಲಿ ಸೈಟಿನ ಮುಂಭಾಗ ಸಂಜೆ ಹೊತ್ತಿಗೆ ಬಾಡಿಗೆಗೆ ತಗೊಂಡು, 11 ತಿಂಗಳ ಕರಾರು ಬರೆಸಿದೆವು. ಆ ವಿಳಾಸಕ್ಕೆ ಪಾಲಿಕೆಯ ಉದ್ದಿಮೆ ಪರವಾನಗಿ (ಟ್ರೇಡ್ ಲೈಸೆನ್ಸ್) ಮಾಡಿಸಿದೆವು. ಬಾಡಿಗೆ ಹೋಗುತ್ತದೆ ನಿಜ, ನಿದ್ದೆ ಬರುತ್ತದೆ. ಇದಕ್ಕೆ ನಾಲ್ಕು ಸ್ಟಾರ್. ಪ್ರತಿ ಮಾರ್ಚ್‌ನಲ್ಲಿ ನವೀಕರಣ ನೆನಪಿಡಬೇಕು, ಅಷ್ಟೇ.

ಚಿಕ್ಕಬಳ್ಳಾಪುರದ ಒಬ್ಬರು, "ಆದಿಯೋಗಿ ಪ್ರತಿಮೆ ನೋಡಲು ಭಾನುವಾರ ಜನ ಜಾತ್ರೆ, ಗಾಡಿ ತಗೊಂಡು ಬನ್ನಿ" ಅಂತ ಕರೆದಿದ್ದರು. ಆಸೆಯಾಯಿತು. ಆದರೆ ಅಕ್ಕನ ಕಾರ್ಡೂ ನಮ್ಮ ಪರವಾನಗಿಯೂ ತುಮಕೂರಿನವು. ಅಲ್ಲಿಗೆ ಎಲ್ಲ ಹೊಸದಾಗಿ ಕೇಳಬೇಕು. ಹೋಗಲಿಲ್ಲ.

ಗ್ಯಾಸ್ ಬಗ್ಗೆ ಒಂದೇ ಮಾತು. ಮನೆಯ 14.2 ಕೆಜಿ ಕೆಂಪು ಸಿಲಿಂಡರ್ ಗಾಡಿಗೆ ಹಾಕಬೇಡಿ. 19 ಕೆಜಿಯ ಕಮರ್ಷಿಯಲ್ ಸಿಲಿಂಡರೇ ತಗೊಳ್ಳಿ, ಬಿಲ್ ಇಟ್ಟುಕೊಳ್ಳಿ.

ಏಜೆಂಟ್ ಕೊಟ್ಟ ಆ ಫೈಲ್ ಈಗಲೂ ಗಾಡಿಯಲ್ಲೇ ಇದೆ. ಒಳಗಿನ ಕಾಗದ ಮಾತ್ರ ಎಲ್ಲ ಬೇರೆ. ಯಾರಾದರೂ ಕೇಳಿದರೆ ಅಕ್ಕ ಕೈ ಒರೆಸಿಕೊಂಡು ಅದನ್ನು ಮುಂದಿಡುತ್ತಾಳೆ, "ನೋಡ್ತಾ ಇರಿ ಸಾರ್, ಅಷ್ಟರಲ್ಲಿ ಎರಡು ಇಡ್ಲಿ ಹಾಕ್ಲಾ?" ಅನ್ನುತ್ತಾಳೆ.