ವಿಭೂತಿಹಳ್ಳಿ ಕಲ್ಲಿನ ಸಾಲು: ಶಹಾಪುರದಿಂದ ಕಾರು ಮತ್ತು ಗೈಡ್, ನನ್ನ ಅನುಭವ

ಬಹಳ ಹಿಂದಿನ ಜನ ಸಾಲಾಗಿ ಜೋಡಿಸಿಟ್ಟ ಯಾದಗಿರಿ ಜಿಲ್ಲೆಯ ಹಳೆಯ ಕಲ್ಲುಗಳನ್ನು ನೋಡಬೇಕು ಅಂತಿದ್ದರೆ ಶಹಾಪುರದಲ್ಲಿ ಕಾರಿನ ಜೊತೆ ಗೈಡ್ ಕೂಡ ಸಿಗುತ್ತಾರೆ. ಬಾಡಿಗೆ ಸ್ವಲ್ಪ ಜಾಸ್ತಿ. ಆದರೂ ಹೋಗಿ ಅಂತಲೇ ಹೇಳುತ್ತೇನೆ, ಯಾಕೆಂದರೆ ವಿಭೂತಿಹಳ್ಳಿಯಲ್ಲಿ ಸುಮ್ನೆ ಇಳಿದು ನಿಂತರೆ ಕಾಣೋದು ಬರೀ ಗುಂಡುಕಲ್ಲು. ನಮ್ಮ ಕಡೆ ಗುಂಡುಕಲ್ಲಿಗೇನು ಬರ, ಅಲ್ವಾ?

ನಮಗೆ ಸಿಕ್ಕ ಗೈಡ್ ಮಾತು ಶುರು ಮಾಡುವ ಮೊದಲು ನಮ್ಮನ್ನು ಒಂದು ಕಲ್ಲಿನ ಹಿಂದೆ ನಿಲ್ಲಿಸಿ ನೇರವಾಗಿ ನೋಡಿ ಅಂದರು. ಒಂದರ ಹಿಂದೆ ಒಂದು, ದೂರದವರೆಗೆ ಸಾಲು. ಪಕ್ಕಕ್ಕೆ ನೋಡಿದರೆ ಅಲ್ಲೂ ಸಾಲು, ಮೂಲೆಗೆ ನೋಡಿದರೆ ಅಲ್ಲೂ ಸಾಲು. ಉಳಿ ಮುಟ್ಟದ ಬಂಡೆಗಳು, ಬರಹ ಇಲ್ಲ, ಚಿತ್ರ ಇಲ್ಲ. ಅವು ಕೂತಿರುವ ಜಾಗವೇ ಅವುಗಳ ಸಾಕ್ಷಿ. ಒಂದು ಕಲ್ಲನ್ನು ಸರಿಸಿದರೆ ಅಷ್ಟು ಚರಿತ್ರೆ ಹೋಯಿತು. ಕಲ್ಲು ಉರುಳಿಸಲು ಹೋದ ಹುಡುಗರಿಗೆ ಅವರು ಇದನ್ನೇ ಬಿಡಿಸಿ ಹೇಳಿದ ರೀತಿ ನನಗೆ ತುಂಬಾ ಹಿಡಿಸಿತು.

ಕಟ್ಟುಕಥೆ ಹೇಳಲಿಲ್ಲ, ಅದು ಇನ್ನೊಂದು ಒಳ್ಳೆಯದು. ಸುರಪುರದಲ್ಲಿ 1841ರಿಂದ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಭಾಗದ ಕಲ್ಲುಗೋರಿಗಳನ್ನು ಅಗೆದು ಬರೆದಿಟ್ಟಿದ್ದು, ಅವನಿಗೆ ಇವು ಯುರೋಪಿನ ಇಂಥದೇ ಹಳೆಯ ಕಲ್ಲುಗಳ ನೆಂಟರ ಹಾಗೆ ಕಂಡಿದ್ದು, ಆಮೇಲೆ 1956ರಲ್ಲಿ ಪುರಾತತ್ವಜ್ಞ ಆಲ್ಚಿನ್ ಈ ಸಾಲುಗಳನ್ನೇ ಹಿಡಿದು ಅಧ್ಯಯನ ಮಾಡಿ ಚೌಕದ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಒಂದು ಅನ್ನೋ ವಿನ್ಯಾಸವನ್ನು ಗುರುತಿಸಿದ್ದು, ಎಲ್ಲವನ್ನೂ ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತೋರಿಸಿದರು. ಯಾಕೆ ನೆಟ್ಟರು ಅಂತ ಕೇಳಿದೆ. ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ತಿರುಗುವ ದಿನಗಳ ಹುಟ್ಟು, ಮುಳುಗಿನ ದಿಕ್ಕಿಗೆ ಕೆಲವು ಸಾಲುಗಳು ಹೊಂದುತ್ತವೆ ಅಂತ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ತೋರಿಸಿದ್ದಾರೆ, ಆದರೆ ಆ ವಾದ ಇನ್ನೂ ಮುಗಿದಿಲ್ಲ ಅಂದರು. ಇಷ್ಟು ಪ್ರಾಮಾಣಿಕವಾಗಿ ಹೇಳುವ ಗೈಡ್ ಅಪರೂಪ.

ಬೇಸರ ಆಗಿದ್ದೂ ಉಂಟು. ಗಾಡಿ ತಡವಾಗಿ ಬಂತು, ಹಾಗಾಗಿ ತಲುಪಿದಾಗ ನೆತ್ತಿಯ ಮೇಲೆ ಬಿಸಿಲು. ನೆರಳು ಉದ್ದ ಬಿದ್ದಾಗ ಸಾಲು ಎದ್ದು ಕಾಣುತ್ತದೆ, ಮಧ್ಯಾಹ್ನ ಅದು ಸಿಗೋದಿಲ್ಲ. ಗಾಡಿಯಲ್ಲಿ ಕುಡಿಯುವ ನೀರೂ ಇರಲಿಲ್ಲ, ಬೇಸಿಗೆಯಲ್ಲಿ ಇದು ಸಣ್ಣ ತಪ್ಪಲ್ಲ. ಊಟ ಮಾತ್ರ ಚೆನ್ನಾಗಿತ್ತು: ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ.

ಹಣಮಸಾಗರ ಮತ್ತು ರಾಜನಕೋಳೂರು ಈ ಬಾಡಿಗೆಯಲ್ಲಿ ಸೇರೋದಿಲ್ಲ, ಬೇರೆ ಕೊಡಬೇಕು. ಕೊಡಿ. ಹಣಮಸಾಗರದಲ್ಲಿ ಸುಮಾರು 2,500 ಕಲ್ಲುಗಳ ದೊಡ್ಡ ಸಾಲು ಇದೆ. ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ, ಗೋರಿಗಳು ಅನ್ನುವ ಕಲ್ಲುಮನೆಗಳಿವೆ, ಇಂಥವನ್ನು ನಮ್ಮ ಜನ ಮೋರ್ಯರ ಮನೆ ಅಂತಾರೆ. ಎರಡೂ ಕಡೆ ನೋಡಿದರೆ ಸಾಲು ಬೇರೆ, ಗೋರಿ ಬೇರೆ ಅನ್ನೋದು ತಾನಾಗಿ ತಿಳಿಯುತ್ತದೆ. ಹಳೆಯ ಕಲ್ಲಿನ ಹುಚ್ಚು ಇನ್ನೂ ಜಾಸ್ತಿ ಇದ್ದರೆ ಹುಣಸಗಿ ಹತ್ತಿರದ ಇಸಾಂಪುರದ ಬಗ್ಗೆ ಕೇಳಿ, ಅಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡಿದ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ಅಂತ ಅಂದಾಜಿಸಿದ್ದಾರೆ.

ಐದರಲ್ಲಿ ನಾಲ್ಕು ಕೊಡುತ್ತೇನೆ, ಆ ನಾಲ್ಕೂ ಗೈಡ್‌ಗೇ. ಬುಕ್ ಮಾಡುವಾಗ ಬೆಳಗಿನ ಏಳರೊಳಗೆ ಕಲ್ಲುಗಳ ಹತ್ತಿರ ಇರಬೇಕು ಅಂತ ಖಡಾಖಂಡಿತವಾಗಿ ಹೇಳಿ, ನೀರು ನೀವೇ ತಗೊಂಡು ಹೋಗಿ.