ಎಡಿನ್‌ಬರೋ ಅಥವಾ ಅವಿನ್ಯೋನ್: ಮಕ್ಕಳನ್ನು ಕಟ್ಟಿಕೊಂಡು ನಾಟಕೋತ್ಸವಕ್ಕೆ ಹೋಗುವುದಾದರೆ

ಎರಡೂ ಉತ್ಸವಗಳು ಶುರುವಾದದ್ದು 1947ರಲ್ಲೇ. ಈಗ ಪ್ರತಿವರ್ಷ ಫ್ರಾನ್ಸಿನ ಅವಿನ್ಯೋನ್ ಉತ್ಸವ ನಡೆಯುವುದು ಜುಲೈನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ಫ್ರಿಂಜ್ ಆಗಸ್ಟ್‌ನಲ್ಲಿ. ಚಿಕ್ಕ ಮಕ್ಕಳಿದ್ದರೆ ಎರಡು ಮಾತಿಲ್ಲದೆ ಎಡಿನ್‌ಬರೋ ಎನ್ನುತ್ತೇನೆ. ಅಲ್ಲಿನ ಹೆಚ್ಚಿನ ಪ್ರದರ್ಶನಗಳು ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತವೆ, ಮಕ್ಕಳ ನಾಟಕಗಳು ಬೆಳಗ್ಗೆಯೇ ಶುರುವಾಗುತ್ತವೆ, ಬಹುತೇಕ ಇಂಗ್ಲಿಷ್ ಆದ್ದರಿಂದ ಮಾತೂ ಅರ್ಥವಾಗುತ್ತದೆ. ರಾಯಲ್ ಮೈಲ್ ಬೀದಿಗೆ ಇಳಿದರೆ ಸಾಕು: ಉರಿಯುವ ಪಂಜು ಎಸೆದು ಹಿಡಿಯುವವರು, ವೇಷದಲ್ಲೇ ಕರಪತ್ರ ಹಂಚುವ ನಟರು. ಮಗು ಕೇಳಿದರೆ ಬಗ್ಗಿ ನಿಂತು ಕಥೆ ಹೇಳುತ್ತಾರೆ. ಮಳೆ ಮಾತ್ರ ಹೇಳಿ ಕೇಳಿ ಬರುವುದಿಲ್ಲ, ರೇನ್‌ಕೋಟು ಬೇಕೇ ಬೇಕು.

ಅವಿನ್ಯೋನ್‌ನ ಸೊಗಸೇ ಬೇರೆ. ಪೋಪರ ಅರಮನೆಯ ಅಂಗಳದಲ್ಲಿ, ಎತ್ತರದ ಕಲ್ಲುಗೋಡೆಗಳ ನಡುವೆ, ಬಯಲಿನಲ್ಲೇ ಸುಮಾರು 2000 ಜನ ಒಟ್ಟಿಗೆ ಕೂತು ನಾಟಕ ನೋಡುತ್ತಾರೆ. ಆದರೆ ಆಟ ಶುರುವಾಗುವುದು ಕತ್ತಲಾದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ. ಎಷ್ಟೋ ಸಲ ನಡುರಾತ್ರಿ ದಾಟುತ್ತದೆ. ಮಾತು ಬಹುಪಾಲು ಫ್ರೆಂಚ್, ಹಗಲಿನ ಸೆಕೆಯೂ ಜೋರು. ರಂಗಭೂಮಿಯ ಹುಚ್ಚಿರುವ ಹದಿಹರೆಯದವರು ಮನೆಯಲ್ಲಿದ್ದರೆ ಇದನ್ನು ಬಿಡಬೇಡಿ. ಜೊತೆಗೆ ಪುಟ್ಟವರೂ ಇದ್ದರೆ ಹಗಲಿನಲ್ಲಿ 'ಆಫ್' ವಿಭಾಗದ (ಮುಖ್ಯ ಉತ್ಸವದ ಹೊರಗೆ ಸ್ವತಂತ್ರ ತಂಡಗಳು ಆಡುವ ಪ್ರದರ್ಶನಗಳು) ಗೊಂಬೆಯಾಟ, ಸರ್ಕಸ್ ನೋಡಿಸಬಹುದು. ಎರಡೂ ಕಡೆ ವಸತಿ ದುಬಾರಿ. ತಿಂಗಳುಗಳ ಮೊದಲೇ ಕಾಯ್ದಿರಿಸಿ.